ರಿಪೇರಿಯ ನಂತರ ಶುರುವಾದ ನಡುಕ: ಹಳೆಯ ಕಾರಿನ ಪ್ರೊಪೆಲ್ಲರ್ ಶಾಫ್ಟನ್ನು ಪರೀಕ್ಷಿಸುವ ಬಗೆ

ನಮ್ಮ ಮನೆಯ ಅಂಬಾಸಿಡರ್ ಕಾರಿಗೆ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಹಾಕಿಸಿದ ಮೂರನೆಯ ದಿನ, ಹಿರಿಯೂರು ದಾಟಿ ಚಿತ್ರದುರ್ಗದ ಕಡೆಗೆ ಹೋಗುತ್ತಿದ್ದಾಗ, ಗಂಟೆಗೆ 55 ಕಿಲೋಮೀಟರ್ ವೇಗ ಮುಟ್ಟುತ್ತಿದ್ದಂತೆ ಕಾಲಡಿಯ ತಗಡಿನಿಂದ ಸಣ್ಣಗೆ ಗುಂಯ್‌ಗುಡುವ ನಡುಕ ಎದ್ದಿತು. 65ಕ್ಕೆ ಅದು ಸೀಟಿಗೆ ಹತ್ತಿತು. 75 ದಾಟಿದಾಗ ಒಳಗಿನ ಕನ್ನಡಿಯಲ್ಲಿ ಹಿಂದೆ ಬರುತ್ತಿದ್ದ ಲಾರಿಯ ಅಂಚುಗಳು ಕಲಸಿಹೋಗಿ ಕಾಣುತ್ತಿದ್ದವು. ಕಾರನ್ನು ಗ್ಯಾರೇಜಿಗೆ ಬಿಡುವ ಮೊದಲು ಈ ನಡುಕ ಇರಲಿಲ್ಲ.

ಮೊದಲು ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದೆ. ಆಮೇಲೆ ಎಂಜಿನ್ ಮೌಂಟಿಂಗ್ ರಬ್ಬರುಗಳನ್ನು ಬದಲಾಯಿಸಿದೆ. ಅದೂ ಆಗದಾಗ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎರಡು ಹೊಸ ಯು.ಜೆ. ಕ್ರಾಸ್ (ಶಾಫ್ಟಿನ ತುದಿಯಲ್ಲಿ ಬಾಗುವ ಯುನಿವರ್ಸಲ್ ಜಾಯಿಂಟ್) ತಂದು ಹಾಕಿಸಿದೆ. ಮೂರು ಸಲ ಹಣ ಖರ್ಚಾಯಿತು, ನಡುಕ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಸಿಕ್ಕ ಕಾರಣ ರಾಗಿ ಕಾಳಿಗಿಂತ ಚಿಕ್ಕದಾಗಿತ್ತು. ಅದನ್ನು ಮುಂದೆ ಅದರ ಜಾಗದಲ್ಲೇ ವಿವರಿಸುತ್ತೇನೆ. ಆ ಮೂರು ಖರ್ಚುಗಳ ನಂತರ ನಾನು ಪಾಲಿಸಿಕೊಂಡು ಬಂದಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ: ರಿಪೇರಿಯ ನಂತರ ನಡುಕ ಶುರುವಾದರೆ ಯಾವ ಯಾವ ಬೋಲ್ಟ್ ಬಿಚ್ಚಲಾಗಿತ್ತು ಎಂಬುದನ್ನು ಮೊದಲು ತಿಳಿಯಬೇಕು, ತಿರುಗುವ ಯಾವ ಭಾಗದಿಂದ ನಡುಕ ಬರುತ್ತಿದೆ ಎಂಬುದನ್ನು ರಸ್ತೆಯ ಮೇಲೆ ಗುರುತಿಸಬೇಕು, ಆಮೇಲಷ್ಟೇ ಸ್ಪ್ಯಾನರ್ ಹಿಡಿಯಬೇಕು.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಹಿಂದಿನ ಚಕ್ರಗಳಿಂದ ಓಡುವ ಗಾಡಿ. ಎಂಜಿನ್ ಮುಂದಿದೆ, ಹಿಂದಿನ ಚಕ್ರಗಳಿಗೆ ತಿರುಗುವ ಬಲ ಹಂಚುವ ಡಿಫರೆನ್ಷಿಯಲ್ ಹಿಂದಿದೆ, ಇವೆರಡರ ನಡುವೆ ಉಕ್ಕಿನ ಕೊಳವೆಯಾದ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತದೆ. ಹಿಂದಿನ ಆಕ್ಸಲ್ ಕಮಾನು ಪಟ್ಟಿಗಳ ಮೇಲೆ ಮೇಲಕ್ಕೂ ಕೆಳಕ್ಕೂ ಆಡುವುದರಿಂದ ಶಾಫ್ಟಿನ ಎರಡೂ ತುದಿಗಳಲ್ಲಿ ಬಾಗಬಲ್ಲ ಯು.ಜೆ. ಕ್ರಾಸ್‌ಗಳಿರುತ್ತವೆ. ಹಳೆಯ ಜೀಪುಗಳಲ್ಲಿಯೂ ವ್ಯವಸ್ಥೆ ಮೂಲತಃ ಇದೇ ಆದ್ದರಿಂದ ಕೆಳಗಿನ ಕ್ರಮ ಅವುಗಳಿಗೂ ಹೊಂದುತ್ತದೆ.

ಏನೇನು ಬಿಚ್ಚಲಾಗಿತ್ತು?

ಗ್ಯಾರೇಜಿನ ಬಿಲ್ಲನ್ನು ನೋಡಿದರೆ ಸಾಲದು, ಏಕೆಂದರೆ ಬಿಲ್ಲಿನಲ್ಲಿ ಹೊಸದಾಗಿ ಹಾಕಿದ ವಸ್ತುಗಳಿರುತ್ತವೆಯೇ ಹೊರತು ದಾರಿ ಮಾಡಿಕೊಳ್ಳಲು ಬಿಚ್ಚಿ ಮರಳಿ ಕೂರಿಸಿದ ಭಾಗಗಳು ಇರುವುದಿಲ್ಲ. ಕೆಲಸ ಮಾಡಿದ ಮೆಕ್ಯಾನಿಕ್‌ನನ್ನೇ ಸಮಾಧಾನದಿಂದ ಕೇಳಬೇಕು. ತಪ್ಪು ಹುಡುಕಲು ಬಂದವರಂತೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ಕ್ಲಚ್ ಕೆಲಸಕ್ಕಾಗಿ ಗೇರ್‌ಬಾಕ್ಸ್ ಇಳಿಸಿದ್ದರೆ ಶಾಫ್ಟ್ ಖಂಡಿತವಾಗಿ ಹೊರಬಂದಿರುತ್ತದೆ. ಆಗ ಹಿಂದಿನ ಫ್ಲ್ಯಾಂಜನ್ನು (ಶಾಫ್ಟನ್ನು ಡಿಫರೆನ್ಷಿಯಲ್ಲಿಗೆ ಬೋಲ್ಟಿನಿಂದ ಕೂಡಿಸುವ ಚಪ್ಪಟೆ ಬಿಲ್ಲೆಯನ್ನು) ಮೊದಲಿದ್ದ ದಿಕ್ಕಿನಲ್ಲೇ ಕೂರಿಸಿದ್ದಾರೆಯೇ, ಗೇರ್‌ಬಾಕ್ಸಿನ ಹಿಂದಿನ ಮೌಂಟಿಂಗ್ ಹಳೆಯದರಷ್ಟೇ ದಪ್ಪವಿದೆಯೇ, ಹೊಸ ಪ್ರೆಷರ್ ಪ್ಲೇಟ್ ಸರಿಯಾಗಿ ಕೂತಿದೆಯೇ ಎಂಬ ಮೂರು ಪ್ರಶ್ನೆಗಳು ಏಳುತ್ತವೆ. ಕಮಾನು ಪಟ್ಟಿಗಳಿಗೆ ಬಾಗು ಕೊಡಿಸಿದ್ದರೆ ಅಥವಾ ಹೆಚ್ಚುವರಿ ಪಟ್ಟಿ ಸೇರಿಸಿದ್ದರೆ ಶಾಫ್ಟ್ ತಿರುಗುವ ಕೋನ ಬದಲಾಗಿರುತ್ತದೆ. ಪಿನಿಯನ್ (ಶಾಫ್ಟಿನಿಂದ ತಿರುಗುವ, ಡಿಫರೆನ್ಷಿಯಲ್ಲಿನ ಚಿಕ್ಕ ಗೇರ್) ಆಯಿಲ್ ಸೀಲ್ ಬದಲಾಯಿಸಿದ್ದರೆ ಫ್ಲ್ಯಾಂಜನ್ನೇ ಕಳಚಿ ಬೇರೆ ಹಲ್ಲುಗಳ ಮೇಲೆ ಕೂರಿಸಿರುವ ಸಾಧ್ಯತೆಯ ಜೊತೆಗೆ, ನಟ್ಟಿನ ಬಿಗಿ ಹೆಚ್ಚು ಕಡಿಮೆಯಾಗಿ ಪಿನಿಯನ್ ಬೇರಿಂಗ್‌ಗಳ ಹಿಡಿತ ಕೆಟ್ಟಿರುವ ಸಾಧ್ಯತೆಯೂ ಇರುತ್ತದೆ. ಕೆಳಭಾಗಕ್ಕೆ ತುಕ್ಕು ಹಿಡಿಯದಂತೆ ಕಪ್ಪು ಬಣ್ಣ ಹೊಡೆಸಿದ್ದರೆ ಅದರ ಹೊದಿಕೆ ಶಾಫ್ಟಿನ ಒಂದೇ ಮಗ್ಗುಲಿಗೆ ಅಂಟಿಕೊಂಡಿದೆಯೇ ಎಂದು ನೋಡಬೇಕು. ಮಳೆಗಾಲದಲ್ಲಿ ಒಣಗಿದ ಎರೆಮಣ್ಣು ಕೂಡ ಇದೇ ಕೆಲಸ ಮಾಡುತ್ತದೆ.

ಮುಂದುವರಿಯುವ ಮೊದಲು ನಾಲ್ಕೂ ಚಕ್ರಗಳ ಗಾಳಿ, ಚಕ್ರದ ನಟ್ಟುಗಳ ಬಿಗಿ ಮತ್ತು ರಿಮ್ಮಿನ ಒಳಗೆ ಅಂಟಿದ ಮಣ್ಣನ್ನು ನೋಡಿಕೊಳ್ಳಬೇಕು. ಹತ್ತು ನಿಮಿಷದ ಕೆಲಸವಿದು.

ಯಾವುದು ಎಷ್ಟು ಸುತ್ತುತ್ತಿದೆ?

ಚಕ್ರದ ನಡುಕಕ್ಕೂ ಶಾಫ್ಟಿನ ನಡುಕಕ್ಕೂ ಇರುವ ವ್ಯತ್ಯಾಸ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಅಂಬಾಸಿಡರ್‌ನ 5.90-15 ಟೈರು ಒಂದು ಸುತ್ತಿಗೆ ಹೆಚ್ಚುಕಡಿಮೆ ಎರಡು ಮೀಟರ್ ಉರುಳುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ಲಿನ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟಿನ ಸುತ್ತುಗಳು) 4.5 ಎಂದು ಹಿಡಿದರೆ ಶಾಫ್ಟ್ ಅದೇ ವೇಗದಲ್ಲಿ ಸೆಕೆಂಡಿಗೆ ಸುಮಾರು 36 ಸುತ್ತು ತಿರುಗುತ್ತದೆ. ಸೆಕೆಂಡಿಗೆ 8 ಸಲದ ನಡುಕವನ್ನು ಮೈ ಕುಲುಕಾಟವೆಂದು ಗುರುತಿಸುತ್ತದೆ. 36 ಸಲದ್ದು ಕುಲುಕಾಟವಾಗಿ ಉಳಿಯದೆ ಗುಂಯ್ ಎನ್ನುವ ಕಂಪನವಾಗಿ ಕಾಲಡಿಯಲ್ಲೂ ಸೀಟಿನಲ್ಲೂ ತಿಳಿಯುತ್ತದೆ. ಸ್ಟೀರಿಂಗ್ ಮಾತ್ರ ನಿಧಾನವಾಗಿ ಅದುರಿದರೆ ಮುಂದಿನ ಚಕ್ರಗಳನ್ನು ಸಂಶಯಿಸಬೇಕೇ ಹೊರತು ಶಾಫ್ಟನ್ನಲ್ಲ.

ಕಾರಿನ ಡಿಫರೆನ್ಷಿಯಲ್ ಅನುಪಾತ ತಿಳಿಯದಿದ್ದರೆ ಅಳೆದುಕೊಳ್ಳಬಹುದು. ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟಿನ ಮೇಲೆ ಸುಣ್ಣದಿಂದ ಗುರುತು ಹಾಕಿ, ಎತ್ತಿದ ಚಕ್ರವನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ನೆಲಕ್ಕೂರಿದ ಚಕ್ರ ನಿಂತೇ ಇರುವುದರಿಂದ ಈ ಎರಡು ಸುತ್ತು ಎರಡೂ ಚಕ್ರಗಳ ಒಂದೊಂದು ಸುತ್ತಿಗೆ ಸಮ, ಆದ್ದರಿಂದ ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಇಲ್ಲೊಂದು ಎಚ್ಚರಿಕೆ: ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ, ಅದನ್ನು ಈ ಪರೀಕ್ಷೆಗಾಗಿ ಬಿಟ್ಟಿರುತ್ತೇವೆ. ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಗಟ್ಟಿ ಕಟ್ಟಿಗೆ ಇಲ್ಲವೇ ಕಲ್ಲು ಕೊಡದೆ ಕೆಳಗೆ ನುಗ್ಗಬಾರದು. ಜಾಕ್ ಒಂದನ್ನೇ ನಂಬಿ ಕಾರಿನಡಿ ಮಲಗುವುದು ಜೀವಕ್ಕೆ ಅಪಾಯ.

ಇನ್ನು ರಸ್ತೆಯ ಪರೀಕ್ಷೆ. ನೇರವಾದ, ಸಮತಟ್ಟಾದ, ವಾಹನಗಳು ವಿರಳವಾದ ರಸ್ತೆ ಬೇಕು. ಪಕ್ಕದಲ್ಲಿ ಇನ್ನೊಬ್ಬರು ಕುಳಿತು ವೇಗವನ್ನೂ ನಡುಕವನ್ನೂ ಬರೆದುಕೊಳ್ಳಬೇಕು. ಕಂಪನದ ವೇಗವನ್ನು ತೋರಿಸುವ ಮೊಬೈಲ್ ಆ್ಯಪ್‌ಗಳಿವೆ. ಮೊಬೈಲನ್ನು ಎರಡು ಸೀಟುಗಳ ನಡುವೆ ನೆಲಕ್ಕೆ ಒತ್ತಿ ಹಿಡಿದರೆ 8ರ ಹತ್ತಿರದ ಅಂಕಿಯೋ 36ರ ಹತ್ತಿರದ್ದೋ 72ರ ಹತ್ತಿರದ್ದೋ ಎಂಬುದು ಕಾಣುತ್ತದೆ. ಶಾಫ್ಟಿನ ಒಂದು ಸುತ್ತಿಗೆ ಒಂದು ಸಲ ನಡುಗಿದರೆ ತೂಕದ ಅಸಮತೋಲ ಅಥವಾ ಬಾಗು ಇದೆ ಎಂದರ್ಥ. ಒಂದು ಸುತ್ತಿಗೆ ಎರಡು ಸಲ ನಡುಗಿದರೆ ಕೋನದ ದೋಷ ಅಥವಾ ಕ್ರಾಸಿನ ಬಿಗಿತವೆಂದು ಅರ್ಥ.

ಈ ಹಂತದಲ್ಲಿ ಹಲವರು ದಾರಿ ತಪ್ಪುತ್ತಾರೆ. ಹಳೆಯ ನಾಲ್ಕು ಗೇರಿನ ಅಂಬಾಸಿಡರ್‌ನಲ್ಲಿ ಟಾಪ್ ಗೇರ್ ನೇರ ಗೇರ್, ಅಂದರೆ ಎಂಜಿನ್ ಎಷ್ಟು ಸುತ್ತು ತಿರುಗುತ್ತದೋ ಶಾಫ್ಟ್ ಕೂಡ ಅಷ್ಟೇ ತಿರುಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುವುದರಿಂದ, ಕೋನದ ದೋಷದಿಂದ ಬರುವ ನಡುಕವೂ ಎಂಜಿನ್ನಿನ ಉರಿತದ ನಡುಕವೂ ಟಾಪ್ ಗೇರಿನಲ್ಲಿ ಒಂದೇ ಲಯಕ್ಕೆ ಬೀಳುತ್ತವೆ, ಅವನ್ನು ಕಿವಿಯಾಗಲೀ ಆ್ಯಪ್ ಆಗಲೀ ಬೇರ್ಪಡಿಸಲಾರದು. ಆದ್ದರಿಂದ ನಡುಕ ಬರುವ ವೇಗದಲ್ಲೇ ಮೂರನೆಯ ಗೇರಿಗೆ ಇಳಿದು ನೋಡಬೇಕು. ಎಂಜಿನ್ ಈಗ ಜೋರಾಗಿ ತಿರುಗುತ್ತದೆ, ಶಾಫ್ಟಿನ ವೇಗ ಮೊದಲಿನಷ್ಟೇ ಇರುತ್ತದೆ. ಅದೇ ವೇಗದಲ್ಲಿ ಅದೇ ನಡುಕ ಉಳಿದರೆ ತೊಂದರೆ ಗೇರ್‌ಬಾಕ್ಸಿನ ಆಚೆ, ಶಾಫ್ಟ್ ಇರುವ ಕಡೆಗಿದೆ. ನಡುಕ ಬೇರೆ ವೇಗಕ್ಕೆ ಸರಿದರೆ ಎಂಜಿನ್, ಕ್ಲಚ್ ಅಥವಾ ಮೌಂಟಿಂಗ್ ಕಡೆಗೆ ತಿರುಗಬೇಕು. ನಿಂತಲ್ಲೇ ಎಂಜಿನ್ ರೇಸ್ ಮಾಡಿದಾಗಲೂ ನಡುಕ ಬಂದರೆ ಶಾಫ್ಟಿನ ಪಾತ್ರವೇ ಇಲ್ಲ.

ಎರಡನೆಯ ಪರೀಕ್ಷೆಯಲ್ಲಿ, ನಡುಕದ ವೇಗಕ್ಕಿಂತ ಸ್ವಲ್ಪ ಮೇಲೆ ಹೋಗಿ ನ್ಯೂಟ್ರಲ್‌ಗೆ ಹಾಕಿ ಗಾಡಿ ತಾನಾಗಿ ವೇಗ ಕಳೆದುಕೊಳ್ಳಲು ಬಿಡಬೇಕು. ಕೀ ಆಫ್ ಮಾಡಬಾರದು: ಸ್ಟೀರಿಂಗ್ ಲಾಕ್ ಬೀಳಬಹುದು, ಬ್ರೇಕಿಗೆ ವ್ಯಾಕ್ಯೂಮ್ ನೆರವಿದ್ದರೆ ಅದೂ ತಪ್ಪುತ್ತದೆ. ಭಾರವಿಲ್ಲದೆ ಉರುಳುವಾಗಲೂ ನಡುಕ ಹಾಗೆಯೇ ಇದ್ದರೆ ಶಾಫ್ಟಿನ ಸಮತೋಲ, ಬಾಗು ಅಥವಾ ಫ್ಲ್ಯಾಂಜಿನ ಕೂರಿಕೆಯನ್ನು ಸಂಶಯಿಸಬೇಕು. ಆಕ್ಸಲರೇಟರ್ ಒತ್ತಿದಾಗ ಮಾತ್ರ ಬಂದು, ಬಿಟ್ಟ ಕೂಡಲೇ ಹೋದರೆ ಕೋನದ ತೊಂದರೆ, ಆಕ್ಸಲನ್ನು ಕಮಾನು ಪಟ್ಟಿಗೆ ಬಿಗಿಯುವ ಯು ಬೋಲ್ಟಿನ ಸಡಿಲಿಕೆ ಅಥವಾ ಸವೆದ ಕ್ರಾಸ್ ಇರಬಹುದು, ಏಕೆಂದರೆ ಎಳೆತ ಬಿದ್ದಾಗ ಪಿನಿಯನ್ನಿನ ಮೂತಿ ಮೇಲಕ್ಕೆ ಏಳುತ್ತದೆ. ಆಕ್ಸಲರೇಟರ್ ಬಿಟ್ಟಾಗ ಮಾತ್ರ ಬಂದರೆ ಪಿನಿಯನ್ ಬೇರಿಂಗ್ ನೋಡಬೇಕು. ನಿಂತಲ್ಲಿಂದ ಹೊರಡುವಾಗ, ಅದರಲ್ಲೂ ತುಂಬಿದ ಗಾಡಿಯಲ್ಲಿ, ಕಡಿಮೆ ವೇಗದ ಅದುರುವಿಕೆ ಬಂದರೆ ಮೊದಲು ಕೋನವನ್ನೇ ಅಳೆಯಬೇಕು.

ಗಾಡಿಯ ಕೆಳಗೆ

ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಾಡಿಸಿ, ಎರಡೂ ಕ್ರಾಸ್‌ಗಳಲ್ಲಿ ಆಟ ಇದೆಯೇ ನೋಡಬೇಕು. ಕ್ರಾಸಿನ ತೋಳುಗಳ ಮೇಲೆ ಕೂರುವ ಬೇರಿಂಗ್ ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಗ್ರೀಸ್ ಇಲ್ಲದೆ ಒಣಗಿದೆ ಎಂದು ತಿಳಿಯಬೇಕು. ಕೊಳವೆಯ ಮೇಲೆ ವೆಲ್ಡಿಂಗ್ ಗುರುತು ಮಾತ್ರ ಉಳಿದು ಸಮತೋಲಕ್ಕಾಗಿ ಅಂಟಿಸಿದ್ದ ತೂಕದ ತುಂಡು ಕಾಣದಿದ್ದರೆ ಅದು ಕಳಚಿ ಬಿದ್ದಿದೆ.

ನನ್ನ ಕಾರಿನಲ್ಲಿ ಇವು ಯಾವುವೂ ಇರಲಿಲ್ಲ. ಹಿಂದಿನ ಫ್ಲ್ಯಾಂಜಿನ ನಾಲ್ಕು ಬೋಲ್ಟ್ ಬಿಚ್ಚಿ, ಶಾಫ್ಟಿನ ತುದಿಯನ್ನು ಪಕ್ಕಕ್ಕೆ ಸರಿಸಿ, ಸೀಮೆಎಣ್ಣೆಯ ಬಟ್ಟೆಯಿಂದ ಎರಡೂ ಮುಖಗಳನ್ನು ಒರೆಸಿದೆ. ಕಣ್ಣಿಗೆ ಎಲ್ಲವೂ ಸರಿಯಿತ್ತು. ಕಣ್ಣು ಮುಚ್ಚಿ ಬೆರಳ ತುದಿಯನ್ನು ಅಂಚಿನುದ್ದಕ್ಕೂ ಸವರಿದಾಗ ಒಂದು ಕಡೆ ಚುಚ್ಚಿತು. ಗೇರ್‌ಬಾಕ್ಸ್ ಇಳಿಸುವಾಗ ಗುರುತಿಗೆಂದು ಯಾರೋ ಉಳಿಯಿಂದ ಎರಡು ಫ್ಲ್ಯಾಂಜುಗಳ ಕೂಡುಗೆರೆಗೇ ಹೊಡೆದಿದ್ದರು, ಆ ಏಟಿಗೆ ಲೋಹ ಉಬ್ಬಿ ರಾಗಿ ಕಾಳಿಗಿಂತ ಚಿಕ್ಕದೊಂದು ಮೊನೆ ಎದ್ದಿತ್ತು. ಗುರುತು ಹಾಕಿದ ಉದ್ದೇಶ ಒಳ್ಳೆಯದೇ. ಆದರೆ ಆ ಮೊನೆಯಿಂದಾಗಿ ಎರಡು ಮುಖಗಳು ಪೂರ್ತಿ ಕೂಡದೆ, ನಡುವಿನ ಉಂಗುರದಂಥ ಉಬ್ಬು ತನ್ನ ತಗ್ಗಿನಲ್ಲಿ ಸರಿಯಾಗಿ ಇಳಿಯದೆ, ಶಾಫ್ಟ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತಿತ್ತು. ಸಣ್ಣ ಅರದಿಂದ ಅದನ್ನು ಸವರಿ, ಮುಖಗಳನ್ನು ಮತ್ತೆ ಒರೆಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆ. ನಡುಕ ಹೋಯಿತು.

ಕೂದಲೆಳೆಯಷ್ಟು ಎಂದರೆ ಎಷ್ಟು ವ್ಯತ್ಯಾಸವಾದೀತು ಎಂದು ಅನ್ನಿಸಬಹುದು. ಎಂಟು ಕಿಲೋ ತೂಕದ ಶಾಫ್ಟಿನ ಅರ್ಧ ಭಾರ ಹಿಂದಿನ ತುದಿಯ ಮೇಲಿದೆ ಎಂದುಕೊಳ್ಳೋಣ. ಆ ತುದಿ ನಡುಗೆರೆಯಿಂದ 0.2 ಮಿಲಿಮೀಟರ್ ಸರಿದರೆ, 76 ಮಿಲಿಮೀಟರ್ ವ್ಯಾಸದ ಕೊಳವೆಯ ಮೇಲೆ ಸುಮಾರು 20 ಗ್ರಾಂ ತೂಕ ಅಂಟಿಸಿದಂತಾಗುತ್ತದೆ. ಸೆಕೆಂಡಿಗೆ 36 ಸುತ್ತಿನಲ್ಲಿ ಅದು ಸುಮಾರು ನಾಲ್ಕು ಕಿಲೋ ಭಾರದ ಬಲವಾಗಿ ಪ್ರತಿ ಸುತ್ತಿಗೂ ಆಕ್ಸಲನ್ನು ಜಗ್ಗುತ್ತದೆ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 40ರಲ್ಲಿ ಗೊತ್ತೇ ಆಗದ ದೋಷ 80ರಲ್ಲಿ ನಾಲ್ಕು ಪಟ್ಟಾಗುತ್ತದೆ.

ಮುಖಗಳು ಶುದ್ಧವಾಗಿದ್ದೂ ನಡುಕ ಹೋಗದಿದ್ದರೆ, ಫ್ಲ್ಯಾಂಜನ್ನು ಅರ್ಧ ಸುತ್ತು ತಿರುಗಿಸಿ ಎದುರಿನ ರಂಧ್ರಗಳಿಗೆ ಕೂರಿಸಿ ಮತ್ತೊಮ್ಮೆ ಓಡಿಸಬೇಕು. ಪಿನಿಯನ್ ಫ್ಲ್ಯಾಂಜಿನ ಸಣ್ಣ ಓರೆಯೂ ಶಾಫ್ಟಿನ ಸಣ್ಣ ಓರೆಯೂ ಒಂದೇ ಕಡೆ ಬಿದ್ದರೆ ಕೂಡುತ್ತವೆ, ಎದುರು ಬಿದ್ದರೆ ಕಳೆಯುತ್ತವೆ. ಹೊಸ ವಸ್ತು ಏನೂ ಬೇಡದ ಈ ಪ್ರಯೋಗವನ್ನು ಬಿಟ್ಟು ಯಾರೂ ಮುಂದಕ್ಕೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗುರುತನ್ನು ಉಳಿಯಿಂದ ಹಾಕದೆ ಬಣ್ಣದಿಂದ ಹಾಕಬೇಕು.

ಹೊಸ ಕ್ರಾಸ್ ಹಾಕಿದ ನಂತರದ ನಡುಕ

ಕ್ರಾಸ್ ಬದಲಾಯಿಸುವ ಕೆಲಸವನ್ನು ಸುತ್ತಿಗೆಯಿಂದಲೇ ಮುಗಿಸುವುದು ಹಲವೆಡೆ ರೂಢಿ. ಹಾಗೆ ಬಡಿಯುವಾಗ ಕಪ್ಪಿನೊಳಗೆ ಗ್ರೀಸಿನಿಂದ ಸಾಲಾಗಿ ನಿಂತಿರುವ ಸೂಜಿಗಳಲ್ಲಿ ಒಂದು ಉರುಳಿ ತಳಕ್ಕೆ ಅಡ್ಡ ಬಿದ್ದರೆ ಕಪ್ ಪೂರ್ತಿ ಇಳಿಯುವುದಿಲ್ಲ, ಅದನ್ನು ಹಿಡಿದಿಡುವ ಉಂಗುರವಾದ ಸರ್‌ಕ್ಲಿಪ್ ತನ್ನ ತೋಡಿನಲ್ಲಿ ಕೂರುವುದಿಲ್ಲ. ಆಗ ಇನ್ನೂ ಜೋರಾಗಿ ಹೊಡೆಯದೆ ಕಪ್ಪನ್ನು ಹೊರತೆಗೆದು ನೋಡಬೇಕು. ಬಡಿಯುವ ಬದಲು ವೈಸ್‌ನಲ್ಲಿ ಸಾಕೆಟ್ ಇಟ್ಟು ಒತ್ತುವುದು ಒಳ್ಳೆಯದು.

ಸರ್‌ಕ್ಲಿಪ್‌ಗಳು ಕೂತ ಮೇಲೆ ಯೋಕಿನ (ಕ್ರಾಸನ್ನು ಹಿಡಿಯುವ ಕವಲಿನ) ಕಿವಿಗಳಿಗೆ ಹಿತ್ತಾಳೆ ಅಥವಾ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕಪ್ಪುಗಳು ಹೊರಕ್ಕೆ ಸರಿದು ಕ್ಲಿಪ್ಪಿಗೆ ತಾಗುತ್ತವೆ, ಬಿಗಿತ ಸಡಿಲುತ್ತದೆ. ಆಮೇಲೆ ಕ್ರಾಸನ್ನು ಎರಡೂ ದಿಕ್ಕಿನಲ್ಲಿ ಕೈಯಿಂದ ಬಾಗಿಸಿ ನೋಡಬೇಕು. ಸಣ್ಣ ಪ್ರತಿರೋಧದೊಂದಿಗೆ ಒಂದೇ ಸಮನೆ ಆಡಬೇಕು, ನಡುವೆ ಎಲ್ಲಿಯೂ ಹಿಡಿಯಬಾರದು, ತಾನಾಗಿ ಜೋತು ಬೀಳಲೂಬಾರದು. ಕೊನೆಯದಾಗಿ ವರ್ನಿಯರ್‌ನಿಂದ ಯೋಕಿನ ಹೊರಮುಖದಿಂದ ಕಪ್ಪಿನ ಬೆನ್ನಿಗಿರುವ ಆಳವನ್ನು ಎದುರುಬದುರು ಅಳೆಯಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಸರ್‌ಕ್ಲಿಪ್ ಹಾಕಿದ್ದರೆ ಶಾಫ್ಟ್ ಪಕ್ಕಕ್ಕೆ ಸರಿದಿರುತ್ತದೆ, ಅದರ ಫಲ ಮೇಲಿನ ಲೆಕ್ಕದಲ್ಲಿ ನೋಡಿದಂತೆಯೇ.

ಕೋನ

ಬಾಗಿದ ಯು.ಜೆ. ಕ್ರಾಸ್ ಒಂದೇ ಸಮನಾದ ವೇಗವನ್ನು ಒಂದೇ ಸಮನಾಗಿ ದಾಟಿಸುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಕೋನ 3 ಡಿಗ್ರಿ ಇದ್ದರೆ ಈ ಏರಿಳಿತ ಶೇಕಡಾ 0.14ರಷ್ಟು, 10 ಡಿಗ್ರಿ ಇದ್ದರೆ ಶೇಕಡಾ 1.5ರಷ್ಟು. ಎರಡೂ ತುದಿಯ ಕೋನಗಳು ಸಮವಾಗಿದ್ದು, ಶಾಫ್ಟಿನ ಎರಡೂ ಯೋಕುಗಳು ಒಂದೇ ಸಾಲಿನಲ್ಲಿದ್ದರೆ ಮುಂದಿನ ಕ್ರಾಸ್ ಮಾಡಿದ ಏರಿಳಿತವನ್ನು ಹಿಂದಿನದು ಅಳಿಸುತ್ತದೆ. ಆದ್ದರಿಂದಲೇ ಜಾರುವ ಹಲ್ಲುಗಳಿರುವ ಎರಡು ಭಾಗದ ಶಾಫ್ಟನ್ನು ಬಿಚ್ಚಿ ಒಂದು ಹಲ್ಲು ತಪ್ಪಿಸಿ ಸೇರಿಸಿದರೂ ನಡುಕ ಹುಟ್ಟುತ್ತದೆ. ಜೀಪುಗಳಲ್ಲಿ ಇದನ್ನು ಮೊದಲು ನೋಡಬೇಕು.

ಅಳೆಯುವಾಗ ಗಾಡಿ ತನ್ನ ಚಕ್ರಗಳ ಮೇಲೆಯೇ, ಗ್ಯಾರೇಜಿನಲ್ಲಿ ಕೆಳಗಿಳಿದು ನೋಡುವ ಗುಳಿಯ ಮೇಲೆ ನಿಂತಿರಬೇಕು. ಜಾಕಿನಿಂದ ಬಾಡಿ ಎತ್ತಿದರೆ ಆಕ್ಸಲ್ ಜೋತುಬಿದ್ದು ಅಳತೆ ಸುಳ್ಳಾಗುತ್ತದೆ. ಡಿಜಿಟಲ್ ಕೋನಮಾಪಕವನ್ನು ಗೇರ್‌ಬಾಕ್ಸಿನ ಹಿಂದಿನ ಮುಖಕ್ಕೆ, ಶಾಫ್ಟಿನ ಕೊಳವೆಗೆ, ಪಿನಿಯನ್ ಫ್ಲ್ಯಾಂಜಿಗೆ ಇಟ್ಟು ಮೂರು ಅಂಕಿಗಳನ್ನು ಬರೆದುಕೊಳ್ಳಬೇಕು. ಗೇರ್‌ಬಾಕ್ಸಿಗೂ ಶಾಫ್ಟಿಗೂ ಇರುವ ವ್ಯತ್ಯಾಸ ಮುಂದಿನ ಕೋನ, ಶಾಫ್ಟಿಗೂ ಪಿನಿಯನ್ನಿಗೂ ಇರುವುದು ಹಿಂದಿನ ಕೋನ. ಇವೆರಡರ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಕಾರಣ ಹುಡುಕಬೇಕು: ಗೇರ್‌ಬಾಕ್ಸಿನ ಮೌಂಟಿಂಗ್ ದಪ್ಪವೇ, ಕಮಾನು ಪಟ್ಟಿಯ ಕೆಳಗಿನ ಬೆಣೆ ತಿರುಗುಮುರುಗಾಗಿದೆಯೇ, ಯು ಬೋಲ್ಟ್ ಸಡಿಲವಾಗಿ ಆಕ್ಸಲ್ ಹೌಸಿಂಗ್ ಹೊರಳಿದೆಯೇ.

ಬಾಗು ಮತ್ತು ಸಮತೋಲ

ಇಷ್ಟಾದರೂ ತೊಂದರೆ ಉಳಿದರೆ ಡಯಲ್ ಗೇಜನ್ನು ಕೊಳವೆಯ ಮುಂದೆ, ನಡುವೆ ಮತ್ತು ಹಿಂದೆ ಇಟ್ಟು ಶಾಫ್ಟನ್ನು ಕೈಯಿಂದ ತಿರುಗಿಸಬೇಕು. ಮುಳ್ಳು ಅರ್ಧ ಮಿಲಿಮೀಟರಿಗಿಂತ ಹೆಚ್ಚು ಆಡಿದರೆ ಸಂಶಯಿಸಬೇಕು, ಒಂದು ಮಿಲಿಮೀಟರ್ ಆಡಿದರೆ ಕೊಳವೆ ಬಾಗಿದೆ ಎಂದೇ ತೀರ್ಮಾನಿಸಬಹುದು. ಬಾಗಿದ ಶಾಫ್ಟಿಗೆ ತೂಕ ಅಂಟಿಸಿ ಪ್ರಯೋಜನವಿಲ್ಲ.

ಕೊಳವೆ ನೇರವಾಗಿದ್ದರೆ ರೇಡಿಯೇಟರ್ ಪೈಪಿಗೆ ಹಾಕುವ ಹೋಸ್ ಕ್ಲಿಪ್ಪಿನಿಂದ ಸಮತೋಲವನ್ನು ಪರೀಕ್ಷಿಸಬಹುದು. ಶಾಫ್ಟಿನ ಹಿಂದಿನ ತುದಿಯಲ್ಲಿ ಸುತ್ತಲೂ ನಾಲ್ಕು ಸಮದೂರದ ಗುರುತು ಹಾಕಿ, ಕ್ಲಿಪ್ಪಿನ ಸ್ಕ್ರೂ ಭಾಗ ಒಂದನೆಯ ಗುರುತಿಗೆ ಬರುವಂತೆ ಬಿಗಿದು, ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಓಡಿಸಬೇಕು. ಹೀಗೆ ನಾಲ್ಕೂ ಕಡೆ ನೋಡಿದಾಗ ಒಂದು ಕಡೆ ನಡುಕ ತಗ್ಗುತ್ತದೆ. ಅಲ್ಲಿ ಎರಡನೆಯ ಕ್ಲಿಪ್ ಸೇರಿಸಿ, ತೂಕ ಹೆಚ್ಚಾಯಿತು ಎನಿಸಿದರೆ ಎರಡರ ಸ್ಕ್ರೂಗಳನ್ನು ಆ ಗುರುತಿನಿಂದ ಸಮನಾಗಿ ಎಡಬಲಕ್ಕೆ ಸರಿಸುತ್ತ ಹೋಗಬೇಕು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಂಜಿನ್ನಿನಿಂದ ಶಾಫ್ಟ್ ತಿರುಗಿಸಿ ಕೆಳಗೆ ಕುಳಿತು ನೋಡುವ ಪದ್ಧತಿಯನ್ನು ನಾನು ಯಾರಿಗೂ ಹೇಳಲಾರೆ. ಬಟ್ಟೆಯ ತುದಿ ಸಿಕ್ಕರೆ ಕೈ ಉಳಿಯುವುದಿಲ್ಲ.

ಕ್ಲಿಪ್ಪಿನಿಂದ ಫಲ ಕಂಡ ಮೇಲೆ ಶಾಫ್ಟ್ ಬ್ಯಾಲೆನ್ಸಿಂಗ್ ಯಂತ್ರವಿರುವ ವರ್ಕ್‌ಶಾಪಿಗೆ ಒಯ್ದು, ಎರಡೂ ತುದಿಗಳಲ್ಲಿ ಬ್ಯಾಲೆನ್ಸ್ ಮಾಡಿಸುವುದು ಸ್ಥಿರವಾದ ಪರಿಹಾರ. ಅಲ್ಲಿ ತೂಕ ವೆಲ್ಡ್ ಮಾಡುವಾಗ ಅರ್ತ್ ತಂತಿಯನ್ನು ಕೊಳವೆಗೇ ಕಚ್ಚಿಸಬೇಕೆಂದು ಕೇಳಿಕೊಳ್ಳಬೇಕು. ಫ್ಲ್ಯಾಂಜಿಗೆ ಕಚ್ಚಿಸಿದರೆ ಕರೆಂಟ್ ಕ್ರಾಸಿನ ಸೂಜಿಗಳ ಮೂಲಕ ಹಾದು ಅವುಗಳನ್ನು ಸುಡುತ್ತದೆ.

ಶಾಫ್ಟ್ ಎರಡು ತುಂಡಾಗಿ ನಡುವೆ ಸೆಂಟರ್ ಬೇರಿಂಗ್ ಇರುವ ಉದ್ದದ ವಾಹನಗಳಲ್ಲಿ ಅದರ ರಬ್ಬರನ್ನೂ ಬ್ರಾಕೆಟ್ ಕೂತಿರುವ ಎತ್ತರವನ್ನೂ ನೋಡಬೇಕು. ಮಾರುತಿ 800ರಂಥ ಮುಂದಿನ ಚಕ್ರದಿಂದ ಓಡುವ ಕಾರುಗಳಲ್ಲಿ ಪ್ರೊಪೆಲ್ಲರ್ ಶಾಫ್ಟೇ ಇಲ್ಲ. ಅಲ್ಲಿ ಆಕ್ಸಲರೇಟರ್ ಒತ್ತಿದಾಗ ಮಾತ್ರ ಅದುರಿದರೆ ಒಳಗಿನ ಜಾಯಿಂಟ್, ತಿರುವಿನಲ್ಲಿ ಕಟಕಟ ಸದ್ದು ಬಂದರೆ ಹೊರಗಿನ ಜಾಯಿಂಟ್ ಸವೆದಿರುತ್ತದೆ.

ಎಲ್ಲ ಮುಗಿದು ನಡುಕ ಹೋದ ಮೇಲೆ, 200 ಕಿಲೋಮೀಟರ್ ಓಡಿಸಿ ಫ್ಲ್ಯಾಂಜಿನ ನಾಲ್ಕು ಬೋಲ್ಟುಗಳನ್ನೂ ಯು ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿ ನೋಡಬೇಕು, ಗ್ರೀಸ್ ನಿಪ್ಪಲ್ ಇರುವ ಕ್ರಾಸ್ ಆದರೆ ನಾಲ್ಕೂ ಕಪ್ಪುಗಳ ಅಂಚಿನಲ್ಲಿ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಬೇಕು.